ಹಗೇವಿನೊಳಗಿನ ಕೈದಿ

ನಾನು ಚಿಕ್ಕವನಿದ್ದಾಗ, ಹೊಸೂರಿನಾಚೆ ತಳಿ ಎಂಬ ಊರಿನಲ್ಲಿದ್ದ ನಮ್ಮ ಮನೆಯ ರಾಗಿ ನೆಲದೊಳಗೆ ಮಲಗಿರುತ್ತಿತ್ತು. ಅಂಗಳದಲ್ಲಿ ಹಗೇವು ಎಂಬ ಆಳವಾದ ಗುಂಡಿ. ಕಿರಿದಾದ ಬಾಯಿ, ಅಗಲವಾದ ಹೊಟ್ಟೆ, ಮೇಲೊಂದು ಚಪ್ಪಡಿ. ಅಪ್ಪ ಇಳಿಯುವ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಒಳಗೆ ಬಿಡುತ್ತಿದ್ದರು. ಕತ್ತಲೆಗೆಂದು ನಾವು ತಿಳಿದಿದ್ದೆವು.

ಆ ಬೆಳಿಗ್ಗೆ ಅಪ್ಪ ಚಪ್ಪಡಿ ಸರಿಸಿ, "ಹತ್ರ ಹೋಗ್ಬೇಡ್ರಲಾ" ಎಂದು ಕೊಟ್ಟಿಗೆಗೆ ಹೋದರು. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ನಮ್ಮ ಆಟವೂ ಅದೇ. ಅಕ್ಕ ರಾಣಿ, ನಾನು ಸಿಪಾಯಿ, ಪಕ್ಕದ ಮನೆಯ ಗೆಳೆಯ ಕೈದಿ. ಸತ್ತಂತೆ ನಟಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಅಲುಗುತ್ತಿರಲಿಲ್ಲ.

ಸೆರೆಮನೆಗೆ ಅವನೇ ಹಗೇವನ್ನು ತೋರಿಸಿದ.

"ದೀಪ ಬಿಟ್ಟಿಲ್ಲ ಕಣ್ಲಾ" ಎಂದೆ.

"ಇಷ್ಟು ಬಿಸ್ಲಲ್ಲಿ ದೀಪ ಯಾಕ್ಲಾ, ಪುಕ್ಲ!" ಎಂದು ನಕ್ಕ.

ಸೊಂಟಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ದನದ ಗೂಟಕ್ಕೆ ಕಟ್ಟಿ ಅವನನ್ನು ಇಳಿಸಿದೆವು. ಹಳೆಯ ರಾಗಿಯ ಬೆಚ್ಚನೆಯ ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು.

"ಅಕ್ಕಾ, ತಲೆ ಗಿರ್ ಅಂತೈತೆ" ಎಂದ.

"ಕೈದಿ ಮಾತಾಡಂಗಿಲ್ಲ!" ಎಂದಳು ರಾಣಿ.

ದೊಪ್ಪನೆ ಬಿದ್ದ ಸದ್ದು. ನಾವು ಚಪ್ಪಾಳೆ ತಟ್ಟಿದೆವು.

"ಸಾಕು, ಏಳ್ಲಾ" ಎಂದೆ. ಮತ್ತೆ ಮತ್ತೆ ಕೂಗಿದೆ. ಹಗ್ಗ ಎಳೆದರೆ ಕಲ್ಲು ಕಟ್ಟಿದಂತೆ ಭಾರ. ನಾನು ಇಳಿಯಲು ಕಾಲು ಚಾಚಿದಾಗ ಅಕ್ಕ ನನ್ನ ಕೂದಲು ಹಿಡಿದು ಹಿಂದಕ್ಕೆಳೆದು, "ಅಪ್ಪಾ!" ಎಂದು ಚೀರಿದಳು. ಆ ಚೀರು ಇಂದಿಗೂ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತದೆ.

ಅಪ್ಪ ಓಡಿ ಬಂದು ಅವನನ್ನು ಮೇಲೆಳೆದರು. ತುಟಿ ನೇರಳೆಹಣ್ಣಿನ ಬಣ್ಣ. ಕೆನ್ನೆ ತಟ್ಟಿದರು, ನೀರೆರಚಿದರು, ಮೊರದಿಂದ ಬೀಸಿದರು. ಒಂದು ನೊಣ ಅವನ ಮೂಗಿನ ಮೇಲೆ ಕೂತಿತು. ಅವನು ಅಲುಗಲಿಲ್ಲ.

ಆಮೇಲೆ ಕೆಮ್ಮಿದ. ಕಣ್ಣು ಬಿಟ್ಟು, "ನಾನು ಆಟ ಆಡ್ಲಿಲ್ಲ ಕಣ್ಲಾ" ಎಂದು ಬಿಕ್ಕಿ ಬಿಕ್ಕಿ ಅತ್ತ.

ಅಪ್ಪ ಬೈಯಲಿಲ್ಲ. ದೀಪ ಹಚ್ಚಿ ಹಗೇವಿಗೆ ಇಳಿಸಿದರು. ಅರ್ಧ ದಾರಿಯಲ್ಲೇ, ಯಾರೋ ಚಿವುಟಿದಂತೆ, ಅದು ಆರಿಹೋಯಿತು. ಒಳಗೆ ಉಸಿರಾಡುವ ಗಾಳಿಯೇ ಇರಲಿಲ್ಲ.

ಈಗ ಮೊಮ್ಮಕ್ಕಳಾದ ನೀವು ನನ್ನ ಪಕ್ಕ ಕೂತು ಚಿತ್ರಪುಸ್ತಕ ತೆರೆಯುತ್ತೀರಿ. ಅದರಲ್ಲಿ ಇಬ್ಬರು ಗೆಳೆಯರು ರಟ್ಟಿನ ಪೆಟ್ಟಿಗೆಯನ್ನೇ ಹಡಗು ಮಾಡಿಕೊಂಡು ಸಮುದ್ರ ದಾಟುತ್ತಾರೆ. ಎಂಥ ಬಿರುಗಾಳಿ ಬಂದರೂ ಪುಟ ತಿರುವಿದರೆ ಮನೆ. ನಿಮ್ಮ ರಾಗಿ ಅಡುಗೆಮನೆಯ ಡಬ್ಬಿಯಲ್ಲಿದೆ, ಅಂಗಳದಲ್ಲಿ ಗುಂಡಿಯಿಲ್ಲ. ನೀವೂ ಪೆಟ್ಟಿಗೆಯೊಳಗೆ ಸೇರಿ ಸದ್ದಿಲ್ಲದೆ ಕೂರುತ್ತೀರಿ. ಅದು ಬರೀ ರಟ್ಟು, ನನಗೆ ಗೊತ್ತು. ಆದರೂ ಎದೆ ಹೊಡೆದುಕೊಳ್ಳುತ್ತದೆ. ಆಡಿ ಮಕ್ಕಳೇ, ಮನಸಾರೆ ಆಡಿ. ತಾತ ಕರೆದಾಗ ಮಾತ್ರ ಒಂದು ಸಲ 'ಓ' ಎನ್ನಿ.