ಇಸ್ತ್ರಿಯವರ ಕಾಲ ಮೇಲೆ ಮೇಜರ್ ಕಾಲಿಟ್ಟ ದಿನ

ಹೋದ ವಾರ ನಮ್ಮ ಅಂಜನಾಪುರದ ಅಪಾರ್ಟ್‌ಮೆಂಟ್ ಗೇಟ್ ಹತ್ರ ಇಸ್ತ್ರಿ ಮಾಡೋರ ಗ್ಯಾಸ್ ಖಾಲಿ ಆಗಿತ್ತಂತೆ. ಎಲ್ಲಿಂದಲೋ ಹಳೇ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ತಂದು, ಕೆಂಡ ತುಂಬಿ, ಒಂದು ಕಾಟನ್ ಸೀರೆ ಮೇಲೆ ನೀರು ಚಿಮುಕಿಸಿ ಎಳೆದ್ರು ನೋಡಿ... ಆ ವಾಸನೆ. ಇದ್ದಿಲು, ಒದ್ದೆ ಬಟ್ಟೆ, ಸ್ವಲ್ಪ ಗಂಜಿ. ತರಕಾರಿ ಚೀಲ ಹಿಡ್ಕೊಂಡು ಅಲ್ಲೇ ನಿಂತ್ಬಿಟ್ಟೆ. "ಏನ್ ಮೇಡಂ, ತಲೆ ಸುತ್ತುತ್ತಾ?" ಅಂದ್ರು ಸೆಕ್ಯೂರಿಟಿಯವರು. ತಲೆ ಸುತ್ತಿದ್ರೇ ವಾಸಿ ಇತ್ತು.

ಈ ವಿಷಯ ನಾನು ಇಲ್ಲೀತನಕ ಎಲ್ಲೂ ಬರೆದಿಲ್ಲ. ನನ್ನ ಪೋಸ್ಟ್ ಓದೋರಿಗೆ ಗೊತ್ತು, ಗಂಡ, ನಾದಿನಿ, ರಸ್ತೆ ಗುಂಡಿ, ಯಾವುದನ್ನೂ ಬಿಟ್ಟೋಳಲ್ಲ ನಾನು. ಇದನ್ನ ಬಿಟ್ಟಿದ್ದೆ. ಯಾಕಂದ್ರೆ ಇದರಲ್ಲಿ ತಪ್ಪು ಮಾಡಿದೋಳು ನಾನೇ.

ಎಂಬತ್ತರ ದಶಕದ ಶುರು. ಜಯನಗರದಲ್ಲಿ ನಮ್ಮ ಕ್ರಾಸಲ್ಲಿ ಹನ್ನೊಂದು ಮನೆ. ಮೂಲೆಯ ಹೊಂಗೆ ಮರದ ಕೆಳಗೆ ಒಂದು ಇಸ್ತ್ರಿ ಗಾಡಿ. ಆ ಗಾಡಿಯವರನ್ನ ದೊಡ್ಡೋರು 'ಇಸ್ತ್ರಿಯವನು' ಅಂತಿದ್ರು, ನಾವು ಮಕ್ಕಳು 'ಇಸ್ತ್ರಿ ಅಣ್ಣ' ಅಂತಿದ್ವಿ. ದಿನಾ ಗೊಟ್ಟಿಗೆರೆಯಿಂದ ಸೈಕಲ್ ತುಳ್ಕೊಂಡು ಬರೋರು. ಆಗ ಅದು ಪೂರ್ತಿ ಹಳ್ಳಿ. ಸಣ್ಣ ಆಳು, ಆದ್ರೆ ಬಲಗೈ ಮಾತ್ರ ಪೈಲ್ವಾನನ ಥರ. ಆ ಭಾರದ ಪೆಟ್ಟಿಗೆ ದಿನವಿಡೀ ಎಳೆದೂ ಎಳೆದೂ ಹಂಗಾಗಿತ್ತು. ಯಾರ ಮನೆ ಷರ್ಟಿಗೆ ಕಾಲರ್ ಗಟ್ಟಿ ಬೇಕು, ಯಾರ ಸೀರೆಗೆ ಗಂಜಿ ಆಗಲ್ಲ, ಎಲ್ಲಾ ಬಾಯಿಪಾಠ. ಓದು ಬರಹ ಬರ್ತಿರಲಿಲ್ಲ.

ಆ ವರ್ಷ ಒಂದು ವಾರಪತ್ರಿಕೆಯಲ್ಲಿ ಸಸ್ಪೆನ್ಸ್ ಕಾದಂಬರಿ ಧಾರಾವಾಹಿಯಾಗಿ ಬರ್ತಿತ್ತು. ಸಾಲು ಸಾಲು ಕೊಲೆ, ಒಂದು ಹಾಳು ಬಂಗಲೆ, ಒಬ್ಬ ಕುಂಟ ಪತ್ತೇದಾರ, ಅವನ ಜೊತೆ ಮೇಜರ್ ಅನ್ನೋ ನಾಯಿ. ಮೇಜರ್ ಬೊಗಳ್ತಿರಲಿಲ್ಲ. ಸತ್ತೋನ ವಸ್ತು ಒಂದನ್ನ ಮೂಸಿ, ಸುಮ್ನೆ ಜನರ ಮಧ್ಯೆ ಒಂದು ಸುತ್ತು ಹಾಕಿ, ಕೊಲೆಗಾರನ ಎದುರು ಕೂತು, ಅವನ ಪಾದದ ಮೇಲೆ ತನ್ನ ಮುಂಗಾಲು ಇಡ್ತಿತ್ತು. ಅಷ್ಟೇ. ಇಟ್ರೆ ಮುಗೀತು, ಅವನೇ.

ನಮ್ಮ ಕ್ರಾಸಿಗೆ ಹುಚ್ಚು ಹಿಡೀತು. ಪತ್ರಿಕೆ ತರಿಸ್ತಿದ್ದಿದ್ದು ಬ್ಯಾಂಕ್ ಅಂಕಲ್ ಮನೇಲಿ ಮಾತ್ರ. ಅಲ್ಲಿಂದ ಅದು ಮನೆಯಿಂದ ಮನೆಗೆ ಹೋಗ್ತಿತ್ತು, ಒಂದು ಮನೇಲಿ ಒಂದೇ ದಿನ. ಇಟ್ಕೊಂಡ್ರೆ ಜಗಳ. ಮುಂದಿನ ಕಂತು ಓದ್ದೋರು ಓದದೇ ಇರೋರ ಹತ್ರ ಬಾಯಿ ಬಿಡೋ ಹಾಗಿಲ್ಲ. ಕೊನೇ ಮನೆ ಅಜ್ಜಿ ಹತ್ತು ದಿನ ಕಾಯೋಕಾಗದೆ ನಲ್ಲಿ ಹತ್ರ ಎಲ್ಲರನ್ನೂ ಹಿಡ್ಕೊಳ್ಳೋರು. "ಆ ನಾಯಿ ಇನ್ನೂ ಉಸಿರಾಡ್ತಿದ್ಯೋ ಇಲ್ವೋ, ಅಷ್ಟು ಹೇಳೇ ಸಾಕು!" ಒಂದು ಕಂತಲ್ಲಿ ಮೇಜರ್‌ಗೆ ವಿಷ ಹಾಕಿದ್ರು. ಅಜ್ಜಿ ಗಣೇಶನಿಗೆ ಹರಕೆ ಹೊತ್ರು, ಮೇಜರ್ ಬದುಕಿ ಕಥೆ ಮುಗಿದ್ರೆ ಇಪ್ಪತ್ತೊಂದು ತೆಂಗಿನಕಾಯಿ ಅಂತ. ನಗ್ಬೇಡಿ. ಯಾರೂ ನಗಲಿಲ್ಲ ಅವತ್ತು.

ನಾನಾಗ ಎಂಟನೇ ಕ್ಲಾಸು. ನಮ್ಮನೆ ಸರದಿ ಗುರುವಾರ. ಸಾಯಂಕಾಲ ಹಿಂದಿ ಕ್ಲಾಸು ಅಂತ ಹೇಳಿ, ಪತ್ರಿಕೆ ಬ್ಯಾಗಲ್ಲಿ ಹಾಕ್ಕೊಂಡು, ಸೀದಾ ಹೊಂಗೆ ಮರದ ಹಿಂಬದಿಗೆ ಹೋಗ್ತಿದ್ದೆ. ಅಲ್ಲಿ ಕಾಂಪೌಂಡ್ ಗೋಡೆ ಮರೆ, ಮನೆಗಳಿಂದ ಕಾಣಲ್ಲ. ಇಸ್ತ್ರಿ ಅಣ್ಣನ ಬಟ್ಟೆ ಗಂಟಿನ ಮೇಲೆ ಕೂತು ಗಟ್ಟಿಯಾಗಿ ಓದ್ತಿದ್ದೆ. ಅವರು ಇಸ್ತ್ರಿ ಎಳೀತಾ ಕೇಳ್ತಿದ್ರು. ರೋಚಕವಾದ ಜಾಗ ಬಂದಾಗ ಪೆಟ್ಟಿಗೆ ಎತ್ತಿ ಪಕ್ಕದ ಕಬ್ಬಿಣದ ಸ್ಟ್ಯಾಂಡ್ ಮೇಲೆ ಇಟ್ಬಿಡೋರು, ಬಟ್ಟೆ ಸುಡಬಾರದು ಅಂತ. "ತಡೀರಿ ಅಮ್ಮಣ್ಣಿ, ಇದೊಂದು ಮಡಚಿಬಿಡ್ತೀನಿ, ಆಮೇಲೆ ಬಾಗಿಲು ತೆಗೆಸಿ" ಅನ್ನೋರು, ನಾನೇನೋ ಆ ಬಂಗಲೆ ಬಾಗಿಲು ಹಿಡ್ಕೊಂಡು ನಿಂತಿರೋ ಥರ.

ಬೀದೀಲಿ ಒಂದು ಕಂದು ನಾಯಿ ಇತ್ತು. ಒಂದು ಕಿವಿ ಹರಿದಿತ್ತು, ಪಕ್ಕೆ ಎಲುಬು ಎಣಿಸಬಹುದಿತ್ತು. ಅದಕ್ಕೆ ಮೇಜರ್ ಅಂತ ಹೆಸರಿಟ್ಟಿದ್ದು ಇಸ್ತ್ರಿ ಅಣ್ಣನೇ. ಆಮೇಲೆ ಇಡೀ ಕ್ರಾಸು ಹಂಗೇ ಕರೀತು. ಆದ್ರೆ ಯಾರಿಗೂ ಗೊತ್ತಿಲ್ಲದ್ದು ಒಂದಿತ್ತು. ಅವರು ಅದಕ್ಕೆ ವಿದ್ಯೆ ಕಲಿಸ್ತಿದ್ರು. ಬೇಕರಿ ಬನ್ನು ಮುರಿದು ಕೈಯಲ್ಲಿ ಹಿಡ್ಕೊಂಡು, "ಕಾಲಿಡೋ ಮೇಜರ್" ಅನ್ನೋರು. ಅದು ಅವರ ಹವಾಯಿ ಚಪ್ಪಲಿ ಮೇಲೆ ಮುಂಗಾಲು ಇಟ್ರೆ ಬನ್ನು. ಎರಡು ತಿಂಗಳು ಹಿಡೀತು. ಕೊನೆಕೊನೆಗೆ ಹೇಳೋದೇ ಬೇಕಿರಲಿಲ್ಲ. ಬಂದ ತಕ್ಷಣ ಕೂತು ಕಾಲಿಡ್ತಿತ್ತು. "ಪುಸ್ತಕದ ನಾಯಿಗಿಂತ ಏನ್ ಕಮ್ಮಿ ನಮ್ದು?" ಅಂತ ಅಣ್ಣ ನನ್ನ ಮುಖ ನೋಡೋರು. ಏನೂ ಕಮ್ಮಿ ಇಲ್ಲ ಅಂತಿದ್ದೆ. ಇದನ್ನ ನೋಡಿದ್ದು ನಾನೊಬ್ಳೇ...

ಒಂದು ಶನಿವಾರ ಬ್ಯಾಂಕ್ ಅಂಕಲ್ ಮನೇಲಿ ಸತ್ಯನಾರಾಯಣ ಪೂಜೆ. ಊರು ಕೇರಿ ಎಲ್ಲಾ ಬಂದು ಹೋಗಿತ್ತು. ಭಾನುವಾರ ಬೆಳಿಗ್ಗೆ ಆಂಟಿಯ ಎರಡು ಚಿನ್ನದ ಬಳೆ ಇಲ್ಲ. ಮನೆ ತಡಕಾಡಿದ್ರು, ಅತ್ರು, ಕೊನೆಗೆ ಗೇಟ್ ಹತ್ರ ಬಂದು ನಿಂತ್ರು. ಮಿಕ್ಕ ಹತ್ತೂ ಮನೆಯೋರು ಸೇರಿದ್ವಿ. ಕೆಲಸದವರನ್ನ, ಹಾಲಿನವರನ್ನ ಕರೆಸಿ ನಿಲ್ಲಿಸಿದ್ರು. ಇಸ್ತ್ರಿ ಅಣ್ಣನೂ ಹಿಂದಿನ ದಿನ ರೇಷ್ಮೆ ಸೀರೆ ಕೊಡೋಕೆ ಹಾಲ್ ತನಕ ಹೋಗಿದ್ರು. ಹಾಗಾಗಿ ಅವರೂ ಬಂದು ನಿಂತ್ರು.

ಅಜ್ಜಿ ಅಂದ್ರು, "ಪೊಲೀಸರು ಯಾಕ್ರೀ, ನಮ್ಮ ಮೇಜರ್ ಇದಾನಲ್ಲ." ತಮಾಷೆಗೇ ಅಂದಿದ್ದು. ಎಲ್ಲರೂ ನಕ್ರು. ಅಳ್ತಿದ್ದ ಆಂಟಿ ಕೂಡ.

ನಾಯಿ ಕರ್ಕೊಂಡು ಬಂದಿದ್ದು ಯಾರು ಗೊತ್ತಾ? ಇಸ್ತ್ರಿ ಅಣ್ಣ. ಬೇರೆ ಯಾರು ಕರೆದ್ರೂ ಅದು ಬರ್ತಿರಲಿಲ್ಲ. ಮುಖ ಇಷ್ಟಗಲ ಮಾಡ್ಕೊಂಡು, "ಹಿಡೀತಾನೆ ನೋಡಿ ಸಾರ್" ಅಂದ್ರು. ಬ್ಯಾಂಕ್ ಅಂಕಲ್ ಬಳೆ ಇಡೋ ಡಬ್ಬಿ ಮೂಗಿಗೆ ಹಿಡಿದ್ರು. ನಾಯಿ ಮೂಸ್ತು, ಆಕಳಿಸ್ತು. ಕೆಲಸದವರನ್ನ ದಾಟ್ತು, ಹಾಲಿನವರನ್ನ ದಾಟ್ತು. ಅಣ್ಣನ ಎದುರು ಬಂದು ಕೂತು, ಅವರ ಚಪ್ಪಲಿ ಮೇಲೆ ಕಾಲಿಡ್ತು.

ಅವರು ಜೋರಾಗಿ ನಕ್ರು. "ಏ ಮಂಕೆ, ಈಗಲ್ಲ ಕಣೋ!" ಅಂದ್ರು. ಹಿಂದೆ ನಿಂತವರೂ ನಕ್ರು. ಆಮೇಲೆ ಒಬ್ಬೊಬ್ಬರದೇ ನಗು ನಿಂತ್ಹೋಯ್ತು. ಅವರದು ಕೊನೇಲಿ ನಿಂತಿದ್ದು.

"ಮೂಕಪ್ರಾಣಿಗೆ ಸುಳ್ಳು ಹೇಳಕ್ಕೆ ಬರಲ್ಲ ಕಣ್ರಿ," ಅಂದ್ರು ಅಜ್ಜಿ. ಈ ಸಲ ತಮಾಷೆ ಇರಲಿಲ್ಲ.

"ಸಾರ್, ನಾನೇ ಹೇಳ್ಕೊಟ್ಟಿದ್ದು ಅದಕ್ಕೆ. ಬನ್ ಹಾಕಿ ಹಾಕಿ... ದಿನಾ ಇಡುತ್ತೆ ಸಾರ್ ನನ್ ಕಾಲ್ ಮೇಲೆ."

"ಯಾರು ನೋಡಿದಾರೆ?" ಅಂದ್ರು ಬ್ಯಾಂಕ್ ಅಂಕಲ್.

"ಈ ಅಮ್ಮಣ್ಣಿ ನೋಡಿದಾರೆ. ಕೇಳಿ ಸಾರ್. ಪ್ರತಿ ವಾರ ಕಥೆ ಓದಕ್ಕೆ ಬರ್ತಾರಲ್ಲ."

ಎಲ್ಲಾ ನನ್ನ ಕಡೆ ತಿರುಗಿದ್ರು. ಅಪ್ಪ ಪಕ್ಕದಲ್ಲೇ ಇದ್ರು. "ನಮ್ ಮಗಳು ನಿನ್ ಗಾಡಿ ಹತ್ರ ಯಾಕಯ್ಯಾ ಬರ್ತಾಳೆ? ಅವಳು ಗುರುವಾರ ಹಿಂದಿ ಕ್ಲಾಸಿಗೆ ಹೋಗ್ತಾಳೆ," ಅಂದು ನನ್ನನ್ನ ಕೇಳಿದ್ರು, "ಹೋಗಿದ್ಯೇನೇ ಅಲ್ಲಿಗೆ?"

"ಇಲ್ಲ ಅಪ್ಪ," ಅಂದೆ. "ನಾನೇನೂ ನೋಡಿಲ್ಲ."

ನಮ್ಮಪ್ಪ ಹೊಡೆಯೋರಲ್ಲ. ಹೌದು ಅಂದಿದ್ರೆ ಏನಾಗ್ತಿತ್ತು? ಒಂದು ಬೈಗುಳ. ಒಂದು ವಾರ ಮುಖ ಗಂಟು. ಅಷ್ಟೇ. ಅಷ್ಟಕ್ಕೆ ಹೆದರಿ ಇಲ್ಲ ಅಂದೆ. ಇನ್ನೂ ಕೆಟ್ಟದ್ದು ಹೇಳ್ಲಾ? ಆ ನಾಯಿ ಕಾಲಿಟ್ಟಾಗ ನನ್ನ ಮೈ ಜುಂ ಅಂತು. ಬನ್ನು ಹಾಕಿ ಕಲಿಸಿದ್ದನ್ನ ಕಣ್ಣಾರೆ ನೋಡಿದ್ದೋಳು ನಾನು, ಆದ್ರೂ ಒಂದು ಕ್ಷಣ, ಒಂದೇ ಕ್ಷಣ, ಇವರೇ ಇರ್ಬೋದಾ ಅನ್ನಿಸ್ತು. ಕಥೆ ಅಷ್ಟು ಚೆನ್ನಾಗಿತ್ತು.

ಆಮೇಲೆ ಆಗಿದ್ದು ಬೇಗ ಬೇಗ ಆಯ್ತು. ಮಕ್ಕಳ ಮೇಲೆ ಸುಳ್ಳು ಹೇಳ್ತೀಯಾ ಅಂತ ಬ್ಯಾಂಕ್ ಅಂಕಲ್ ಕೆನ್ನೆಗೆ ಹೊಡೆದ್ರು. ಗಾಡಿ ಮೇಲಿದ್ದ ಗಂಟೆಲ್ಲಾ ಬಿಚ್ಚಿ ರೋಡಿಗೆ ಎಸೆದು ಹುಡುಕಿದ್ರು. ನಮ್ಮೆಲ್ಲರ ಬಟ್ಟೆ ಮಣ್ಣಲ್ಲಿ ಬಿದ್ದಿತ್ತು, ಅವರು ಹೊಡೆತ ತಿಂತಾನೇ ಬಗ್ಗಿ ಒಂದೊಂದೇ ಎತ್ಕೊಳ್ತಿದ್ರು. ನಾಯಿ ಸುತ್ತ ಸುತ್ತ ಓಡಾಡಿ ಕಾಲಿಡೋಕೆ ಜಾಗ ಹುಡುಕ್ತಿತ್ತು. ಪೊಲೀಸರು ಬಂದು ಇಸ್ತ್ರಿ ಅಣ್ಣನನ್ನ ಕರ್ಕೊಂಡು ಹೋದ್ರು. ಎರಡು ದಿನ ಇಟ್ಕೊಂಡಿದ್ರಂತೆ. ಬಳೆ ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ.

ಒಂದು ವಾರ ಬಿಟ್ಟು ಗಾಡಿ ತಗೊಂಡು ಹೋಗೋಕೆ ಹೆಂಡತಿ ಜೊತೆ ಬಂದ್ರು. ಮೊದಲು ಮನೆ ಮನೆಗೆ ಹೋಗಿ ಬಟ್ಟೆ ವಾಪಸ್ ಕೊಟ್ರು. ಮಣ್ಣಾಗಿದ್ದನ್ನ ಒಗೆದು, ಇಸ್ತ್ರಿ ಮಾಡಿ ತಂದಿದ್ರು. ನಮ್ಮನೇಲಿ ಬಾಗಿಲು ತೆಗೆದಿದ್ದು ನಾನು. ಅಪ್ಪನ ಷರ್ಟುಗಳು, ನನ್ನ ಸ್ಕೂಲ್ ಪಿನಾಫೋರು. ಮಡಿಕೆ ಯಾಕೋ ಸೊಟ್ಟ ಇತ್ತು. ಅವರ ಮಡಿಕೆ ಯಾವತ್ತೂ ಸೊಟ್ಟ ಇರ್ತಿರಲಿಲ್ಲ. ಕೈ ನೋಡಿದೆ. ಬಲಗೈ ಬೆರಳು ನಾಲ್ಕೂ ಊದ್ಕೊಂಡು ಬದನೆಕಾಯಿ ಬಣ್ಣ ಆಗಿತ್ತು. ಇಸ್ತ್ರಿ ಹೆಂಡತಿ ಮಾಡಿದ್ದು.

ಆಕೆ ನನ್ನನ್ನೇ ದಿಟ್ಟಿಸಿ ನೋಡಿದ್ರು. ಗಂಡನ ಕಡೆ ತಿರುಗಿ ಕೇಳಿದ್ರು, "ಕಥೆ ಓದ್ ಹೇಳ್ತಿದ್ದ ಮಗಾ ಇದೇನಾ?"

ಒಳಗಡೆ ಅಪ್ಪ ಪೇಪರ್ ಮಡಚೋ ಸದ್ದು ಕೇಳಿಸ್ತಿತ್ತು. ಇಸ್ತ್ರಿ ಅಣ್ಣ ನನ್ನ ಮುಖ ನೋಡ್ಲಿಲ್ಲ.

"ಅಲ್ಲ," ಅಂದ್ರು. "ಅದು ಬೇರೆ ಮಗಾ."

ಇಬ್ರೂ ಮುಂದಿನ ಮನೆಗೆ ಹೋದ್ರು.

ನಲವತ್ತು ವರ್ಷ ಆಯ್ತು. ಆ ಮಾತು ನನ್ನನ್ನ ಕಾಪಾಡೋಕೆ ಹೇಳಿದ್ರೋ, ಇಲ್ಲ ನಾನು ಅವರ ಪಾಲಿಗೆ ಸತ್ತೆ ಅಂತ ಹೇಳಿದ್ರೋ... ಗೊತ್ತಿಲ್ಲ.

ನಾಯಿದು ಕೇಳಿ. ಆ ಎಂಟು ಹತ್ತು ದಿನ ಅದಕ್ಕೆ ರಾಜೋಪಚಾರ. ಹಾಲು, ಬಿಸ್ಕತ್ತು, ಕೊರಳಿಗೆ ಯಾರೋ ಕೆಂಪು ಟೇಪು ಬೇರೆ ಕಟ್ಟಿದ್ರು. ಆದ್ರೆ ಬನ್ನು ಹಾಕೋರು ಇರಲಿಲ್ಲ. ಒಂದು ದಿನ ಬೆಳಿಗ್ಗೆ ಬ್ಯಾಂಕ್ ಅಂಕಲ್ ಸ್ಕೂಟರ್ ಒರೆಸ್ತಾ ಇದ್ರು, ಪಕ್ಕದ ಬೇಕರಿ ಪೊಟ್ಟಣ ಸೀಟ್ ಮೇಲಿತ್ತು. ನಾಯಿ ಬಂತು. ಅವರ ಎದುರು ಕೂತು, ಪಾದದ ಮೇಲೆ ಮುಂಗಾಲು ಇಡ್ತು. ಸರಿಯಾಗಿ ನೀರು ಬರೋ ಹೊತ್ತು, ನಲ್ಲಿ ಹತ್ರ ಅರ್ಧ ಕ್ರಾಸು ನಿಂತಿತ್ತು. ಕೊಡ ತುಂಬಿ ಹರೀತಿತ್ತು, ಯಾರೂ ತೆಗೀಲಿಲ್ಲ. ಅಜ್ಜಿ ಸೆರಗು ಬಾಯಿಗೆ ಇಟ್ಕೊಂಡು ಒಳಗೆ ಹೋದ್ರು. ಅಂಕಲ್ ಕಾಲು ಎಳ್ಕೊಂಡು ಒದ್ರು.

ಆ ಕ್ಷಣ ಎಲ್ಲರಿಗೂ ಅರ್ಥ ಆಯ್ತು. ಇಸ್ತ್ರಿಯವರು ಹೇಳಿದ್ದು ನಿಜ ಅಂತ. ಒಬ್ಬರಾದ್ರೂ ಬಾಯಿ ಬಿಡ್ತಾರಾ? ಇಲ್ಲ. ನಾನು? ನಾನೂ ಇಲ್ಲ. ಆ ವಾರವೇ ನಾಯಿ ಹಿಡಿಯೋ ಗಾಡಿ ಬಂತು. ಯಾರು ಫೋನ್ ಮಾಡಿದ್ರು ಅಂತ ಯಾರೂ ಯಾರನ್ನೂ ಕೇಳಲಿಲ್ಲ. ಇಕ್ಕಳ ಹಿಡ್ಕೊಂಡು ಬಂದವನ ಬೂಟಿನ ಮೇಲೂ ಅದು ಕಾಲಿಡ್ತು. ಅದನ್ನ ನಾನು ಕಿಟಕಿಯಿಂದ ನೋಡಿದೆ.

ತಿಂಗಳು ಕಳೆದು ಕಾದಂಬರಿ ಮುಗೀತು. ಮೇಜರ್ ಬದುಕಿದ. ಅಜ್ಜಿ ಇಪ್ಪತ್ತೊಂದು ಕಾಯಿ ಒಡೆಸಿದ್ರು, ಎಲ್ಲರ ಮನೆಗೂ ಚೂರು ಬಂತು. ಅಮ್ಮ ಅದರಲ್ಲಿ ಚಟ್ನಿ ಮಾಡಿದ್ಳು. ತಿಂದ್ವಿ.

ಮೊನ್ನೆ ಆ ವಾಸನೆ ಬಡಿದ ಮಾರನೇ ದಿನ ಗೊಟ್ಟಿಗೆರೆಗೆ ಹೋದೆ. ಇಷ್ಟು ಹತ್ರ ಇದ್ದೂ ಆ ಉದ್ದೇಶಕ್ಕೆ ಒಂದು ಸಲಾನೂ ಹೋಗಿರಲಿಲ್ಲ. ಮೇನ್ ರೋಡಿಂದ ಒಳಗೆ ಇನ್ನೂ ಹಳೇ ಮನೆಗಳು ಕೆಲವಿವೆ. ಜಗಲಿ ಮೇಲೆ ಕೂತಿದ್ದ ವಯಸ್ಸಾದ ಒಬ್ಬರನ್ನ ಕೇಳಿದೆ, ಮುಂಚೆ ಇಲ್ಲಿಂದ ಜಯನಗರಕ್ಕೆ ಸೈಕಲಲ್ಲಿ ಇಸ್ತ್ರಿ ಕೆಲಸಕ್ಕೆ ಬರ್ತಿದ್ದೋರು ಒಬ್ಬರಿದ್ರು, ಬಲಗೈ ದಪ್ಪ... "ಹಂಗೆ ಹೋಗ್ತಿದ್ದೋರು ಏಳೆಂಟು ಜನ ಇದ್ರು ಕಣಮ್ಮ," ಅಂದ್ರು. "ಹೆಸ್ರು ಹೇಳಿ, ಮನೆ ತೋರಿಸ್ತೀನಿ."

ನನಗೆ ಹೆಸರು ಗೊತ್ತಿರಲಿಲ್ಲ.

ಮನೆಗೆ ಬಂದು ನಮ್ಮ ಹಳೇ ಕ್ರಾಸಿನ ವಾಟ್ಸಾಪ್ ಗ್ರೂಪಲ್ಲಿ ಕೇಳಿದೆ. ಅವತ್ತು ನಾನು ಹೇಳಿದ್ದು ಸುಳ್ಳು ಅಂತಾನೂ ಬರೆದೆ. ಒಬ್ಬಳು "ಬಿಡೇ, ಎಷ್ಟು ವರ್ಷ ಆಯ್ತು" ಅಂದ್ಳು. ಒಬ್ಬ "ಇಸ್ತ್ರಿಯವನು ಅಂತಿದ್ವಿ, ಅಲ್ವಾ?" ಅಂದ. ಬೇರೆ ಯಾರೂ ಏನೂ ಬರೀಲಿಲ್ಲ. ಅಷ್ಟು ವರ್ಷ ನಮ್ಮ ಮೈಮೇಲಿನ ಬಟ್ಟೆ ಅವರ ಕೈಯಿಂದ ಬಂದಿತ್ತು. ಹನ್ನೊಂದು ಮನೇಲಿ ಒಬ್ಬರೂ ಹೆಸರು ಕೇಳಿರಲಿಲ್ಲ.

ಕೇಳಿದ್ದು ಒಬ್ಬರೇ, ಅವತ್ತು ಪೊಲೀಸ್ ಸ್ಟೇಷನ್ನಲ್ಲಿ ಕೇಸು ಬರ್ಕೊಂಡ ರೈಟರ್. ಆ ಹೆಸರು ಎಲ್ಲಾದ್ರೂ ಬರೆದಿದ್ರೆ, ಅಲ್ಲಿ ಬರೆದಿರ್ಬೇಕು. ಕಳ್ಳತನದ ಪುಸ್ತಕದಲ್ಲಿ.