ಮೇಲೆ ನೋಡದವನ ಸಾಕ್ಷಿ

ಎಫ್ರೈನ್ ಕೊಟ್ಟೊ ಕುಳಿತದ್ದನ್ನು ಕಂಡವರು ಕಡಿಮೆ. ಊಟ ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು, ಪ್ರಾರ್ಥನೆ ಚರ್ಚಿನ ಹಿಂಬಾಗಿಲಲ್ಲಿ ನಿಂತುಕೊಂಡು, ಹೆಂಡತಿ ಮಿಗ್ಡಾಲಿಯಾಳ ಜೊತೆ ಜಗಳ ಈ ಕೋಣೆಯಿಂದ ಆ ಕೋಣೆಗೆ ತಿರುಗಾಡಿಕೊಂಡು. ಬ್ರಾಂಕ್ಸಿನ ಅವರ ಮನೆಯಲ್ಲಿ ಇರುವುದು ಎರಡೇ ಕೋಣೆ. ಹಾಗಾಗಿ ಜಗಳ ಬೇಗ ಸುಸ್ತಾಗುತ್ತಿತ್ತು.

ಕಸುಬೂ ಕಾಲಿಗೆ ಒಪ್ಪುವಂಥದ್ದೇ. ಮ್ಯಾನ್‌ಹಟನ್ನಿನ ದಕ್ಷಿಣದ ತುದಿಯಲ್ಲಿ ವಕೀಲರ ಕಚೇರಿಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ವಕೀಲರ ಕಚೇರಿಗೆ ಲಕೋಟೆ ಮುಟ್ಟಿಸುವುದು, ಅದೂ ನಡೆದೇ. ಸೈಕಲ್ಲಿನವರು ಬಂದರು, ಫ್ಯಾಕ್ಸ್ ಬಂತು, ಕಂಪ್ಯೂಟರ್ ಬಂತು. ಆದರೂ ಶಾಯಿಯ ಸಹಿ ಬೇಕೆನ್ನುವ ಹಟಮಾರಿಗಳು ಊರಲ್ಲಿ ಅಷ್ಟಿಷ್ಟು ಉಳಿದಿದ್ದರಿಂದ ಎಫ್ರೈನ್ ಮೂವತ್ತೆಂಟು ವರ್ಷ ನಡೆದ.

ಈ ಕಸುಬಿನಲ್ಲಿ ಇರುವ ಗುಟ್ಟು ಒಂದೇ. ಅಲ್ಲಿಯ ಹಳೆಯ ಗಗನಚುಂಬಿಗಳಿಗೆ ಎರಡೆರಡು ಬಾಗಿಲು, ಈ ಬೀದಿಗೊಂದು, ಆ ಬೀದಿಗೊಂದು. ನಡುವಿನ ಮೊಗಸಾಲೆಯನ್ನು ಹಾಯ್ದರೆ ಅರ್ಧ ಸುತ್ತು ಉಳಿಯುತ್ತದೆ. ಜನವರಿಯ ಹಿಮಗಾಳಿಯಲ್ಲಾದರೆ ಕಿವಿಯೂ ಉಳಿಯುತ್ತದೆ. ಆದರೆ ಒಳಗೆ ಕಾವಲಿನವನು ಕೂತಿರುತ್ತಾನೆ. ಒಳಗೆ ಕಾಲಿಟ್ಟವನು ತಲೆಯೆತ್ತಿ ಚಾವಣಿ ನೋಡಿದನೋ, ಸಿಕ್ಕಿಬಿದ್ದ. "ಯಾವ ಮಹಡಿ ಸಾರ್? ಯಾರನ್ನ ನೋಡ್ಬೇಕು?" ಎಂದು ಕೇಳಿ, ನಯವಾಗಿಯೇ ಬೀದಿಗೆ ಬಿಡುತ್ತಾರೆ. ತಲೆ ತಗ್ಗಿಸಿ, ತಡವಾಗಿದೆ ಎಂಬ ಮುಖ ಹೊತ್ತು ಬಿರಬಿರನೆ ನಡೆದವನನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ಊರಲ್ಲಿ ನಾವೆಲ್ಲ ಬದುಕಿರುವುದೇ ಹೀಗೆ. ನಮ್ಮ ಊರಿನ ಚಾವಣಿಗಳನ್ನು ನಮಗೆ ತೋರಿಸಬೇಕಾದರೆ ಬೇರೆ ಊರಿನಿಂದ ನೆಂಟರು ಬರಬೇಕು.

ಅಂಥ ಕಟ್ಟಡಗಳಲ್ಲಿ ಎಫ್ರೈನನಿಗೆ ಹೆಚ್ಚು ಬಳಕೆಯಾದದ್ದು ಹ್ಯಾಲರನ್ ಬಿಲ್ಡಿಂಗು. ನಲವತ್ತೊಂದು ಮಹಡಿ, ತೊಂಬತ್ತು ದಾಟಿದ ವಯಸ್ಸು. ಅಂಚೆಪೆಟ್ಟಿಗೆಯ ಪಕ್ಕದ ಗೋಡೆಯಲ್ಲಿ ಬಿಸಿಗಾಳಿಯ ಹಿತ್ತಾಳೆ ಜಾಲರಿ. ಅವನು ದಿನದಲ್ಲಿ ನಿಲ್ಲುತ್ತಿದ್ದ ಒಂದೇ ಜಾಗ ಅದು. ಬೆರಳು ಬಿಸಿಯಾಗುವವರೆಗೆ, ಇಪ್ಪತ್ತು ಎಣಿಸುವಷ್ಟು ಹೊತ್ತು.

ಹೋದ ವರ್ಷ ಕಟ್ಟಡದ ಹೊಸ ಮಾಲೀಕರು ಮೇಲಿನ ಕಚೇರಿಗಳನ್ನೆಲ್ಲ ಮನೆಗಳನ್ನಾಗಿಸಿ, ಮೊಗಸಾಲೆಯನ್ನು ಅಲ್ಲಿ ವಾಸಿಸುವವರಿಗಷ್ಟೇ ಇಟ್ಟುಕೊಳ್ಳಲು ಹೊರಟರು. ಮೊದಲು ಒಂದು ಬಾಗಿಲಿಗೆ ಹಗ್ಗ ಬಿತ್ತು. ಹಳೆಯ ಕಟ್ಟಡಗಳನ್ನು ಕಾಯುವ ಮಂಡಳಿಯೊಂದು ನಗರದಲ್ಲಿದೆ. ಕಟ್ಟಡದ ಒಳಾಂಗಣವನ್ನು ಅದು ಉಳಿಸಬೇಕಾದರೆ ಅಲ್ಲಿ ಸಾರ್ವಜನಿಕರು ವಾಡಿಕೆಯಾಗಿ ಓಡಾಡುತ್ತಿದ್ದರೆಂದು ತೋರಿಸಬೇಕು. ಮಾಲೀಕರ ವಕೀಲ ಮಂಡಳಿಗೆ ಪತ್ರ ಬರೆದ: ಇಲ್ಲಿ ಸಾರ್ವಜನಿಕರು ಎಂದೂ ಓಡಾಡಿಲ್ಲ.

ಆ ಪತ್ರವನ್ನು ಎಫ್ರೈನನಿಗೆ ಓದಿ ಹೇಳಿದವರು ರಾಸ್ಲಿನ್ ಟೈಟಲ್‌ಬಾಮ್. ಅದೇ ಕಟ್ಟಡದ ಇಪ್ಪತ್ತೆರಡನೆಯ ಮಹಡಿಯಲ್ಲಿ ಇಪ್ಪತ್ತಾರು ವರ್ಷ ಟೈಪು ಮಾಡಿ ನಿವೃತ್ತರಾದ ಎಪ್ಪತ್ತೆಂಟರ ಮುದುಕಿ, ಈಗ ಮೊಗಸಾಲೆ ಉಳಿಸಲು ಸಾಕ್ಷಿಗಳ ಬೇಟೆಯಲ್ಲಿದ್ದರು.

"ಎಂದೂ ಓಡಾಡಿಲ್ವಂತಾ?" ಎಫ್ರೈನ್ ನಿಂತಲ್ಲೇ ಕುಣಿದ. "ಹಾಗಾದ್ರೆ ದಿನಾ ನಾಲ್ಕು ಸಲ ಹೋಗ್ತಿದ್ದೋನು ಯಾರು, ನನ್ನ ದೆವ್ವನಾ?"

"ಇದನ್ನೇ ಮಂಡಳಿ ಮುಂದೆ ಬಂದು ಹೇಳಪ್ಪ. ಮೂರು ನಿಮಿಷ ಕೊಡ್ತಾರೆ. ಅಲ್ಲೀವರೆಗೆ ಸುಮ್ನೆ ಕೂತಿರ್ಬೇಕು, ಅಷ್ಟೆ."

"ಅದೊಂದ್ ಬಿಟ್ಟು ಬೇರೆ ಏನಾದ್ರೂ ಹೇಳಿ, ಮಿಸೆಸ್ ಟೈಟಲ್‌ಬಾಮ್."

ಪತ್ರದ ಸಾಲು ಅವನನ್ನು ಬಿಡಲಿಲ್ಲ. ಮಿಗ್ಡಾಲಿಯಾ ತೊಗರಿಕಾಳಿನ ಅನ್ನ ಬಡಿಸಿದರೆ ತಟ್ಟೆ ಹಿಡಿದು ಕೋಣೆ ಕೋಣೆ ಸುತ್ತಿದ. "ಮಾರಾಯ, ಕಾಳೆಲ್ಲ ನೆಲಕ್ಕೆ ಬೀಳ್ತಿದೆ. ಒಂದು ಬಾಗಿಲು ಹೋದ್ರೆ ಇನ್ನೊಂದು ಕಡೆಯಿಂದ ಸುತ್ತಿ ಹೋಗು. ನಿನಗೆ ನಡೆಯೋಕೆ ಬೇಜಾರಾ?" ಎಂದಳು ಅವಳು.

"ನಡೆಯೋದಲ್ವೇ. ನಡೆದೇ ಇಲ್ಲ ಅಂತಾರಲ್ಲ, ಅದು."

ಮಂಡಳಿಯ ವಿಚಾರಣೆ ಬೆಳಿಗ್ಗೆ ಒಂಬತ್ತೂವರೆಗೆ. ಎಫ್ರೈನನ ಹೆಸರು ಪಟ್ಟಿಯ ಬಾಲದಲ್ಲಿತ್ತು. ಹತ್ತು ಗಂಟೆಯ ಹೊತ್ತಿಗೆ ಅವನ ಬಲಗಾಲಿನ ನಡುಕ ಬೆಂಚಿಗೆ ಹತ್ತಿ, ಆ ಸಾಲಿನಲ್ಲಿದ್ದ ಏಳು ಜನ ರೈಲಿನಲ್ಲಿ ಕೂತವರ ಹಾಗೆ ಅಲುಗುತ್ತಿದ್ದರು. "ಹೊರಗೆ ಹೋಗಿ ಒಂದ್ ಸುತ್ತು ಹಾಕ್ಕೊಂಡ್ ಬಾ. ನನ್ನ ಹಲ್ಲಿನ ಸೆಟ್ಟು ಕಳಚ್ಕೊಳ್ತಿದೆ," ಎಂದರು ರಾಸ್ಲಿನ್. ಅವನು ಮೆಟ್ಟಿಲಿಳಿದು ಹತ್ತುತ್ತಿದ್ದಾಗಲೇ ಒಳಗೆ ಮೊಗಸಾಲೆಯ, ಅದರ ಚಾವಣಿಯ ಫೋಟೋಗಳನ್ನು ಪರದೆಯ ಮೇಲೆ ತೋರಿಸಿದರು. ಅದು ಅವನಿಗೆ ಗೊತ್ತಾಗಲಿಲ್ಲ.

ಎರಡು ಗಂಟೆಗೆ ಹೆಸರು ಕರೆದಾಗಲೂ ಅವನು ಮೆಟ್ಟಿಲ ಮೇಲೆಯೇ. ಜೊತೆಗೆ ಬಂದು ಒಳಗೆ ಕೂತಿದ್ದ ಮಿಗ್ಡಾಲಿಯಾ ಓಡಿಬಂದು ತೋಳು ಹಿಡಿದು ಎಳೆದುಕೊಂಡು ಹೋದಳು. ಮೈಕಿನ ಮುಂದೆ ನಿಂತು, "ನಾನು ದಿನಾ ನಾಲ್ಕು ಸಲ, ಮೂವತ್ತೆಂಟು ವರ್ಷ," ಎಂದಷ್ಟೇ ಹೇಳಿ ಏದುಸಿರುಬಿಟ್ಟ.

ಮಾಲೀಕರ ವಕೀಲ ಎದ್ದುನಿಂತ. ಬೂದು ಸೂಟು, ಸಣ್ಣ ದನಿ. "ಅಧ್ಯಕ್ಷರೇ, ಆ ಮೊಗಸಾಲೇಲಿ ಮೊದಲು ಕಣ್ಣಿಗೆ ಬೀಳೋದು ಚಾವಣಿ. ಅದಕ್ಕೋಸ್ಕರಾನೇ ಅಲ್ವಾ ಇಷ್ಟೆಲ್ಲ ಗಲಾಟೆ? ಅದರ ಮೇಲೆ ಏನು ಚಿತ್ರ ಇದೆ ಅಂತ ಇವರು ಹೇಳಿಬಿಡಲಿ."

ಅಧ್ಯಕ್ಷೆ ಕನ್ನಡಕ ತೆಗೆದರು. "ಹೇಳಿ ಮಿಸ್ಟರ್ ಕೊಟ್ಟೊ. ಚಾವಣಿಯಲ್ಲಿ ಏನಿದೆ?"

ಎಫ್ರೈನ್ ಆ ಸಭಾಂಗಣದ ಚಾವಣಿಯತ್ತ ನೋಡಿದ. ಅಲ್ಲಿ ಫ್ಯಾನು ಬಿಟ್ಟರೆ ಏನೂ ಇರಲಿಲ್ಲ. "ಗೊತ್ತಿಲ್ಲ ಮೇಡಂ," ಎಂದ.

ಹಿಂದಿನಿಂದ ನಗೆ ಎದ್ದಿತು. ರಾಸ್ಲಿನ್ ಮುಖ ಮುಚ್ಚಿಕೊಂಡರು. ವಕೀಲ ಕೂರಲು ಹೊರಟ.

"ಮೇಲೆ ನೋಡಿದೋನ್ನ ಆಚೆ ಹಾಕ್ತಾರೆ ಮೇಡಂ. ಒಂದ್ ದಿನಾನೂ ನೋಡಿಲ್ಲ, ಅದಕ್ಕೇ ಮೂವತ್ತೆಂಟು ವರ್ಷ ಹೋಗಕ್ಕಾಯ್ತು. ನೆಲ ಕೇಳಿ, ನೆಲ ಹೇಳ್ತೀನಿ." ಅವನು ಮೈಕಿನ ಕಂಬ ಹಿಡಿದುಕೊಂಡ. ಕಾಲು ಮಾತ್ರ ಇದ್ದಲ್ಲೇ ಹೆಜ್ಜೆ ಹಾಕತೊಡಗಿತು. "ಪೂರ್ವದ ಬಾಗಿಲು. ಒಳಗೆ ಬಂದ್ರೆ ಕಪ್ಪು ಕಲ್ಲು, ಆರು ಚೌಕ. ಏಳನೇದು ಬಿರುಕು ಬಿಟ್ಟಿದೆ, ಮಳೆ ಬಂದ್ರೆ ಜಾರ್ತಿತ್ತು. ಆಮೇಲೆ ನೆಲದಲ್ಲೇ ದುಂಡಗೆ ಒಂದು ದಿಕ್ಸೂಚಿ, ನಾಲ್ಕು ದಿಕ್ಕಿಗೆ ನಾಲ್ಕು ಹಿತ್ತಾಳೆ ಅಕ್ಷರ. ಎರಡೂ ಬಾಗಿಲು ಉತ್ತರದ ಗೋಡೆಗೆ ಹತ್ರ, ಅಡ್ಡಡ್ಡ ದಾಟೋರೆಲ್ಲ ಉತ್ತರದ ಅಕ್ಷರ ತುಳಿದೇ ಹೋಗ್ಬೇಕು, ಅದು ಸವೆದು ಅರ್ಧ ಉಳಿದಿದೆ. ಮಿಕ್ಕ ಮೂರೂ ಹೊಸದರ ಹಾಗಿವೆ. ಅಂಚೆಪೆಟ್ಟಿಗೆ ಹತ್ರ ಬಿಸಿಗಾಳಿ ಜಾಲರಿ, ಅದರ ಮುಂದಿನ ಕಲ್ಲು ತಟ್ಟೆ ಹಾಗೆ ತಗ್ಗಾಗಿದೆ. ಅಲ್ಲಿ ನಾನೊಬ್ಬನೇ ಅಲ್ಲ, ಎಲ್ರೂ ನಿಂತ್ಕೋತಿದ್ರು."

ವಕೀಲ ಮತ್ತೆ ಎದ್ದ. ಸುಮ್ಮನೆ ಕೂತಿದ್ದರೆ ಗೆದ್ದುಬಿಡುತ್ತಿದ್ದನೋ ಏನೋ. "ಇದೆಲ್ಲ ಕಟ್ಟುಕತೆ! ಅಲ್ಲಿ ನೆಲವೇ ಕಾಣಲ್ಲ. ಎಂಟು ವರ್ಷದಿಂದ ಗೋಡೆಯಿಂದ ಗೋಡೆಗೆ ಕಾರ್ಪೆಟ್ಟಿದೆ."

"ಕಾರ್ಪೆಟ್ಟು ಕಣ್ಣಿಗೆ ಸಾರ್, ಕಾಲಿಗಲ್ಲ. ಆ ತಗ್ಗು ಈಗಲೂ ಬಲಗಾಲಿಗೆ ಸಿಗುತ್ತೆ."

ಅಧ್ಯಕ್ಷೆ ವಕೀಲನ ಕಡೆ ತಿರುಗಿದರು. "ಕಾರ್ಪೆಟ್ ಕೆಳಗೆ ಏನಿದೆ?"

ವಕೀಲ ಕಾಗದಗಳನ್ನು ಮಗುಚಿದ. ಅವನಿಗೂ ಗೊತ್ತಿರಲಿಲ್ಲ.

ಎರಡು ವಾರದ ನಂತರ ಮಂಡಳಿಯವರು ಹ್ಯಾಲರನ್ ಬಿಲ್ಡಿಂಗಿಗೆ ಹೋಗಿ ಕಾರ್ಪೆಟ್ಟಿನ ಎರಡು ಪಟ್ಟಿ ಎತ್ತಿಸಿದರು. ಉತ್ತರದ ಅಕ್ಷರ ಅರ್ಧವೇ ಇತ್ತು. ಅಧ್ಯಕ್ಷೆ ಜಾಲರಿಯ ಮುಂದೆ ಪೆನ್ನಿಟ್ಟರೆ ಅದು ಉರುಳಿ ತಗ್ಗಿನ ನಡುವೆ ಹೋಗಿ ನಿಂತಿತು. ಇಷ್ಟನ್ನೂ ರಾಸ್ಲಿನ್ ಫೋನಿನಲ್ಲಿ ಮೂರು ಸಲ ಹೇಳಿದರು. ಎಫ್ರೈನ್ ಮೂರು ಸಲವೂ ಕೋಣೆಗಳನ್ನು ಸುತ್ತುತ್ತ ಕೇಳಿದ. ಇನ್ನೆರಡು ತಿಂಗಳಿಗೆ ಮತ ಬಿತ್ತು. ಮೊಗಸಾಲೆ ಉಳಿಯಿತು, ಹಗ್ಗ ಹೋಯಿತು. ವಾರದ ಐದು ದಿನ ಎರಡೂ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂದು ಮಾಲೀಕರು ಒಪ್ಪಿ ಬರೆದುಕೊಟ್ಟರು.

ಮೊದಲ ಸೋಮವಾರ ಮಿಗ್ಡಾಲಿಯಾ ಕೆಲಸಕ್ಕೆ ರಜೆ ಹಾಕಿ, ಗಂಡನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಹೊಸ ಕಾವಲಿನವನು ಎದ್ದು, "ನಿಂತು ನೋಡಿ ಸಾರ್, ಎಷ್ಟೊತ್ತು ಬೇಕಾದ್ರೂ," ಎಂದ. ಹಾಗೆ ಹೇಳಿಸಿಕೊಂಡು ಗೊತ್ತಿಲ್ಲದ ಎಫ್ರೈನನಿಗೆ ಹೆದರಿಕೆಯೇ ಆಯಿತು. ಕುತ್ತಿಗೆ ಎತ್ತಿದ. ನೀಲಿ ಸಮುದ್ರ, ಹಡಗುಗಳು, ಮೋಡದ ಮೇಲೆ ಕೂತು ಕೆನ್ನೆಯುಬ್ಬಿಸಿ ಗಾಳಿ ಊದುತ್ತಿರುವ ದಪ್ಪ ಗಂಡಸು.

"ಎಷ್ಟು ಚೆನ್ನಾಗಿದೆ ನೋಡು!" ಎಂದಳು ಮಿಗ್ಡಾಲಿಯಾ.

"ಚೆನ್ನಾಗಿದೆ. ಪಾಪ, ಆ ದಪ್ಪನೋನದು ಕೂತೇ ಮಾಡೋ ಕೆಲಸ." ಅಷ್ಟರಲ್ಲಿ ಕಾಲು ತುರಿಸತೊಡಗಿತು. "ನೀನ್ ನೋಡ್ತಿರು. ನಾನ್ ಆ ಕಡೆ ಬಾಗಿಲಿಗೆ ಹೋಗ್ಬಂದೆ."

ಅವಳು ನೋಡಿ ಮುಗಿಸುವಷ್ಟರಲ್ಲಿ ಅವನು ಕೈಯಲ್ಲಿ ಲಕೋಟೆಯೂ ಇಲ್ಲದೆ ಮೂರು ಸಲ ಆಚೆಯಿಂದೀಚೆಗೆ ದಾಟಿದ್ದ. ಮೂರು ಸಲವೂ ತಲೆ ತಗ್ಗಿಸಿ, ಬಲಗಾಲಲ್ಲಿ ಆ ಅರ್ಧ ಅಕ್ಷರವನ್ನು ತುಳಿದು.