ಮಾದೇವಿ ಬರೆದದ್ದು ಸರಿಯಿತ್ತು

ಸರಿಯುತ್ತರ ಬರೆದ ಹುಡುಗಿಯನ್ನು ನಾನು ಇಡೀ ತರಗತಿಯ ಎದುರು ನಗೆಪಾಟಲು ಮಾಡಿದೆ. ಅವಳದೇ ಸರಿಯೆಂದು ಅದೇ ದಿನ ಗೊತ್ತಾದರೂ ಬಾಯಿ ಬಿಡಲಿಲ್ಲ. ಇಪ್ಪತ್ತು ವರ್ಷ ಬಿಡಲಿಲ್ಲ.

ಆಗ ನಾನು ಕುಮಟಾ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಇಂಗ್ಲಿಷ್ ಮಾಧ್ಯಮ ಹೊಸದು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಒಂದಕ್ಕೆ ಬ್ಯಾಕ್ಟೀರಿಯಾ, ಹಲವಕ್ಕೆ ಬ್ಯಾಕ್ಟೀರಿಯಾಸ್ ಎಂದು ಬೋರ್ಡಿನ ಮೇಲೆ ಬರೆದುಕೊಟ್ಟಿದ್ದೆ. ಹಿರೇಗುತ್ತಿಯ ಮಾದೇವಿ, ಗದ್ದೆ ಕೆಲಸಕ್ಕೆ ಹೋಗುವ ತಾಯಿಯ ಒಬ್ಬಳೇ ಮಗಳು, ಪರೀಕ್ಷೆಯಲ್ಲಿ ಬೇರೆಯೇ ಬರೆದಳು. ನಾನು ಕೆಂಪು ಗೀಟು ಎಳೆದೆ. ಪೇಪರು ತಿರುಗಿ ಕೊಟ್ಟಾಗ ಅವಳು ಎದ್ದು ನಿಂತಳು.

"ಸರ್, ಒಂದೇ ಇದ್ರೆ ಬ್ಯಾಕ್ಟೀರಿಯಮ್ ಅಲ್ದಾ?"

"ಎಂತ ಅದು? ಅಲ್ಯೂಮಿನಿಯಮ್ಮಿನ ತಂಗಿಯಾ?"

ತರಗತಿ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಅವಳ ಹೆಸರೇ ಅಲ್ಯೂಮಿನಿಯಮ್. ನಾನು ಕೇಳಿಯೂ ಕೇಳದವನಂತಿದ್ದೆ — ಒಮ್ಮೆ ನಕ್ಕಿದ್ದೂ ಉಂಟು.

ಅದೇ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನಿಘಂಟು ತೆರೆದು ನೋಡಿದ್ದೆ. ಅವಳು ಹೇಳಿದ್ದೇ ಇತ್ತು. ಮುಚ್ಚಿಟ್ಟೆ. ಮರುದಿನ ಹೊಸ ಪಾಠ ಶುರುಮಾಡಿದೆ. ಅವಳು ಮತ್ತೆ ಕೈಯೆತ್ತಲಿಲ್ಲ.

ಹತ್ತನೆಯದರ ಫಲಿತಾಂಶ ಬಂತು. ವಿಜ್ಞಾನದಲ್ಲಿ ಶಾಲೆಗೇ ಅವಳು ಮೊದಲು. ಆದರೂ ಅವಳ ತಾಯಿ ನನ್ನ ಮನೆಗೆ ಬಂದಳು.

"ಮಾಸ್ತರೆ, ಸೈನ್ಸ್ ಬ್ಯಾಡ ಹೇಳ್ತದೆ ಇದು. ಎಲ್ಲರೂ ನಗ್ತಾರಂತೆ. ನೀವ್ ಒಂದ್ ಮಾತ್ ಹೇಳಿದ್ರೆ ಕೇಳ್ತದೆ."

ಒಂದು ಮಾತು ಸಾಕಿತ್ತು. ಆದರೆ ಅವಳು ಮುಂದೆ ಓದಿದರೆ ನನ್ನ ತಪ್ಪು ನಾಲ್ಕು ಜನರಿಗೆ ಗೊತ್ತಾದೀತು ಎಂದು ಹೆದರಿದೆ. ಅಷ್ಟೇ ಕಾರಣ, ಬೇರೆ ಇಲ್ಲ.

"ಅವಳಿಗೆ ಸೈನ್ಸ್ ಆಗುದಿಲ್ಲ. ಬೇರೆ ಎಂತಾರೂ ಓದ್ಸಿ," ಎಂದೆ.

"ನೀವ್ ಹೇಳಿದ್ಮೇಲೆ ಆತು," ಎಂದು ಆಕೆ ಕೈಮುಗಿದು ಹೋದಳು.

ಕಳೆದ ವಾರ ಕುಮಟಾದ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುತ್ತಿದ್ದವಳು ಮಾದೇವಿ. "ಆರಾಮಿದ್ರಾ ಸರ್?" ಎಂದಳು. ತಡೆಯಲಾಗದೆ ಅಲ್ಲೇ ಎಲ್ಲ ಹೇಳಿದೆ. ಅವಳು ಸೀರೆ ಮಡಚುತ್ತಲೇ ಇದ್ದಳು.

"ಗೊತ್ತಿತ್ತು ಸರ್. ಅವತ್ತು ಪುಸ್ತಕ ನೋಡ್ಕಂಡೇ ಕೇಳಿದ್ದೆ." ಮಡಚಿದ ಸೀರೆ ಬದಿಗಿಟ್ಟು ಅಂದಳು: "ಅವ್ವ ಮಾತ್ರ ನೀವ್ ಹೇಳಿದ್ದೇ ಖರೆ ಅಂದ್ಕಂಡದೆ. ನನ್ನ ತಲೆಗೆ ಹತ್ತುದಿಲ್ಲ ಅಂತ — ಇವತ್ತಿಗೂ."

ನಾಳೆ ಹಿರೇಗುತ್ತಿಗೆ ಹೋಗುತ್ತೇನೆ. ಮಾಸ್ತರು ಬಂದರೆಂದು ಆ ಮುದುಕಿ ಚಾಪೆ ಹಾಸುತ್ತಾಳೆ, ಚಹಾಕ್ಕೆ ನೀರಿಡಲು ಏಳುತ್ತಾಳೆ. ಅದಕ್ಕೂ ಮೊದಲೇ, ಬಾಗಿಲಲ್ಲಿ ನಿಂತೇ ಹೇಳಿಬಿಡಬೇಕು.